ಪಾಠದ ಪುಸ್ತಕ ಬರೆಯಲು ಕೂತ ಮೇಷ್ಟ್ರು

(ದ್ಮಿತ್ರಿ ಮೆಂಡಲೀವ್ ಕುರಿತ ಉಪನ್ಯಾಸದ ಬರಹ ರೂಪ)

ರಸಾಯನಶಾಸ್ತ್ರದ ತರಗತಿ ಎಂದ ಮೇಲೆ ಗೋಡೆಯಲ್ಲೊಂದು ಆವರ್ತ ಕೋಷ್ಟಕ ಇರಲೇಬೇಕು. ಧಾತುಗಳನ್ನೆಲ್ಲ, ಅಂದರೆ ಇಂಗಾಲ, ಚಿನ್ನದಂಥ ಮೂಲವಸ್ತುಗಳನ್ನೆಲ್ಲ, ಸಾಲು ಸಾಲಾಗಿ ಜೋಡಿಸಿಟ್ಟ ಪಟ್ಟಿ ಅದು. ಪಕ್ಕದಲ್ಲಿ ಉದ್ದ ಗಡ್ಡ, ಕೆದರಿದ ಕೂದಲಿನ ಒಬ್ಬರ ಚಿತ್ರ. ಅವರೇ ದ್ಮಿತ್ರಿ ಇವಾನೊವಿಚ್ ಮೆಂಡಲೀವ್. ಹೆಸರು ಕೇಳಿದರೆ ನಮಗೆ ನೆನಪಾಗುವುದು ಸಂಶೋಧಕ ಮೆಂಡಲೀವ್. ನಾನು ಇವತ್ತು ಮಾತಾಡಬೇಕೆಂದಿರುವುದು ಪಠ್ಯಪುಸ್ತಕ ಬರೆದ ಮೆಂಡಲೀವ್ ಬಗ್ಗೆ. ಯಾಕೆಂದರೆ ಆ ಕೋಷ್ಟಕ ಹುಟ್ಟಿದ್ದೇ ಒಂದು ಪಠ್ಯಪುಸ್ತಕದ ದೆಸೆಯಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಪುಸ್ತಕದ ಎರಡನೆಯ ಸಂಪುಟದಲ್ಲಿ ಯಾವ ಅಧ್ಯಾಯ ಮೊದಲು, ಯಾವುದು ಆಮೇಲೆ ಎಂಬ ತಲೆನೋವಿನಿಂದ.

ಪಠ್ಯಪುಸ್ತಕ ಬರೆಯುವುದನ್ನು ನಾವು ಎರಡನೇ ದರ್ಜೆಯ ಕೆಲಸ ಎಂದುಕೊಂಡುಬಿಟ್ಟಿದ್ದೇವೆ. ಹೊಸದನ್ನು ಕಂಡುಹಿಡಿಯುವವರು ದೊಡ್ಡವರು, ಅದನ್ನು ಹುಡುಗರಿಗೆ ತಿಳಿಯುವಂತೆ ಬರೆಯುವವರು ಸ್ವಲ್ಪ ಚಿಕ್ಕವರು. ಮೆಂಡಲೀವ್ ಬದುಕಿನ ಮುಂದೆ ಈ ಲೆಕ್ಕ ನಿಲ್ಲುವುದಿಲ್ಲ.

ಅವರು ಹುಟ್ಟಿದ್ದು 1834ರ ಫೆಬ್ರುವರಿ 8ರಂದು, ಸೈಬೀರಿಯಾದ ತೊಬೊಲ್ಸ್ಕ್‌ನಲ್ಲಿ. ದೊಡ್ಡ ಸಂಸಾರದ ಕೊನೆಯ ಮಗು. ತಂದೆ ಇವಾನ್ ಪಾವ್ಲೊವಿಚ್ ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥರು. ಮಗ ಹುಟ್ಟಿದ ವರ್ಷವೇ ಅವರ ಕಣ್ಣು ಹೋಯಿತು, ಅದರ ಜೊತೆ ಕೆಲಸವೂ ಹೋಯಿತು. ತಾಯಿ ಮಾರಿಯಾ ದ್ಮಿತ್ರಿಯೆವ್ನಾ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ತವರಿನವರದ್ದೊಂದು ಗಾಜಿನ ಕಾರ್ಖಾನೆ ಹತ್ತಿರದ ಹಳ್ಳಿಯಲ್ಲಿ ಮುಚ್ಚಿಬಿದ್ದಿತ್ತು. ಅದನ್ನು ಮತ್ತೆ ತೆರೆದು ತಾವೇ ನಡೆಸಿದರು. 1847ರಲ್ಲಿ ಗಂಡ ತೀರಿಕೊಂಡರು. ಮರುವರ್ಷ ಕಾರ್ಖಾನೆ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು.

ಆಮೇಲೆ ಆ ತಾಯಿ ಮಾಡಿದ ಕೆಲಸ ಕೇಳಿ. ಉಳಿದದ್ದನ್ನೆಲ್ಲ ಒಟ್ಟುಮಾಡಿ, 1849ರಲ್ಲಿ ಮಗನನ್ನೂ ಒಬ್ಬ ಮಗಳನ್ನೂ ಕರೆದುಕೊಂಡು ಸೈಬೀರಿಯಾದಿಂದ ಮಾಸ್ಕೋಗೆ ಹೊರಟರು. ಆಗ ಆ ದಾರಿಯಲ್ಲಿ ರೈಲು ಇರಲಿಲ್ಲ. ಮಾಸ್ಕೋ ವಿಶ್ವವಿದ್ಯಾಲಯ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. 1850ರಲ್ಲಿ ಅಲ್ಲಿನ ಮುಖ್ಯ ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ ಸೀಟು ಸಿಕ್ಕಿತು. ತಂದೆಯೂ ಓದಿದ್ದ ಸಂಸ್ಥೆ ಅದು. ಮಗ ಸೇರಿದ ಅದೇ ವರ್ಷ ತಾಯಿ ತೀರಿಕೊಂಡರು. ಎಷ್ಟೋ ವರ್ಷಗಳ ನಂತರ, 1887ರಲ್ಲಿ, ದ್ರಾವಣಗಳ ಬಗ್ಗೆ ಬರೆದ ದೊಡ್ಡ ಗ್ರಂಥವನ್ನು ಮೆಂಡಲೀವ್ ತಾಯಿಯ ನೆನಪಿಗೆ ಅರ್ಪಿಸಿದರು. ಕೈಯಲ್ಲಿದ್ದ ಕೊನೆಯ ಹಣ, ಮೈಯಲ್ಲಿದ್ದ ಕೊನೆಯ ಶಕ್ತಿ, ಎರಡನ್ನೂ ಅವಳು ನನ್ನ ಓದಿಗೆ ಸುರಿದಳು ಎಂಬ ಅರ್ಥದ ಮಾತು ಆ ಅರ್ಪಣೆಯಲ್ಲಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ಸೇರಿದ್ದು ಮೇಷ್ಟ್ರುಗಳನ್ನು ತಯಾರು ಮಾಡುವ ಸಂಸ್ಥೆ. ಅಲ್ಲಿ ಓದಿದವರು ಮುಂದೆ ಶಾಲೆಗಳಲ್ಲಿ ಪಾಠ ಹೇಳಬೇಕು. ಅಂದರೆ ಒಂದು ವಿಷಯವನ್ನು ಎಲ್ಲಿಂದ ಶುರುಮಾಡಬೇಕು, ಹೇಗೆ ಬೆಳೆಸಬೇಕು ಎಂಬ ಯೋಚನೆ ಅವರ ತಲೆಗೆ ಹದಿನಾರನೇ ವಯಸ್ಸಿನಲ್ಲೇ ಹೊಕ್ಕಿತ್ತು. ರಸಾಯನಶಾಸ್ತ್ರ ಕಲಿಸಿದವರು ಅಲೆಕ್ಸಾಂಡರ್ ವಸ್ಕ್ರೆಸೆನ್ಸ್ಕಿ. 1855ರಲ್ಲಿ ಚಿನ್ನದ ಪದಕ ಬಂತು. ಸಿಂಫೆರೊಪೋಲ್‌ನಲ್ಲಿ, ಆಮೇಲೆ ಒಡೆಸ್ಸಾದಲ್ಲಿ ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಮಾಡಿದರು. ಮತ್ತೆ ಆಗಿನ ರಾಜಧಾನಿ ಪೀಟರ್ಸ್‌ಬರ್ಗ್‌ಗೆ ಬಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು.

1859ರಲ್ಲಿ ಸರ್ಕಾರದ ನೆರವಿನಿಂದ ಜರ್ಮನಿಯ ಹೈಡಲ್‌ಬರ್ಗ್‌ಗೆ ಹೋದರು. ಅಲ್ಲಿದ್ದಾಗಲೇ, 1860ರ ಸೆಪ್ಟೆಂಬರ್‌ನಲ್ಲಿ, ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ ಒಂದು ಸಮ್ಮೇಳನ ನಡೆಯಿತು. ಯೂರೋಪಿನ ನೂರಕ್ಕೂ ಹೆಚ್ಚು ರಸಾಯನಶಾಸ್ತ್ರಜ್ಞರು ಸೇರಿದ್ದರು. ಮೆಂಡಲೀವ್‌ಗೆ ಆಗ 26 ವರ್ಷ.

ಆ ಸಮ್ಮೇಳನ ಯಾಕೆ ಬೇಕಾಗಿತ್ತು? ಆಗ ಧಾತುಗಳ ಪರಮಾಣು ತೂಕದ ಬಗ್ಗೆಯೇ, ಅಂದರೆ ಒಂದರ ಪರಮಾಣು ಇನ್ನೊಂದಕ್ಕೆ ಹೋಲಿಸಿದರೆ ಎಷ್ಟು ಭಾರ ಎಂಬ ಲೆಕ್ಕದ ಬಗ್ಗೆಯೇ, ಒಮ್ಮತ ಇರಲಿಲ್ಲ. ಒಬ್ಬರ ಲೆಕ್ಕದಲ್ಲಿ ಇಂಗಾಲ 6, ಇನ್ನೊಬ್ಬರ ಲೆಕ್ಕದಲ್ಲಿ 12. ಆಮ್ಲಜನಕ ಕೆಲವರಿಗೆ 8, ಕೆಲವರಿಗೆ 16. ನೀರಿನ ಸೂತ್ರವೇ ಎರಡು ಥರ ಬರೆಯುತ್ತಿದ್ದರು. ಜರ್ಮನ್ ರಸಾಯನಶಾಸ್ತ್ರಜ್ಞ ಆಗಸ್ಟ್ ಕೆಕುಲೆ ತಮ್ಮ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲಕ್ಕೆ ಚಾಲ್ತಿಯಲ್ಲಿದ್ದ ಸೂತ್ರಗಳನ್ನು ಪಟ್ಟಿ ಮಾಡಿದ್ದಾರೆ. ಒಂದೇ ವಸ್ತುವಿಗೆ 19 ಸೂತ್ರ! ಇದನ್ನೆಲ್ಲ ಇಟ್ಟುಕೊಂಡು ಹುಡುಗರಿಗೆ ಪಾಠ ಮಾಡುವುದು ಹೇಗೆ, ನೀವೇ ಹೇಳಿ.

ಆ ಸಮ್ಮೇಳನದಲ್ಲಿ ಮಾತಾಡಿದವರಲ್ಲಿ ಇಟಲಿಯ ಸ್ತಾನಿಸ್ಲಾವೊ ಕನಿಜಾರೊ ಒಬ್ಬರು. ಜಿನೋವಾದಲ್ಲಿ ಪ್ರಾಧ್ಯಾಪಕರು. ತಮ್ಮ ವಿದ್ಯಾರ್ಥಿಗಳಿಗೆ ಪರಮಾಣು ತೂಕವನ್ನು ಹೇಗೆ ವಿವರಿಸುತ್ತೇನೆ ಎಂದು 1858ರಲ್ಲಿ ಒಂದು ಚಿಕ್ಕ ಹೊತ್ತಗೆ ಬರೆದಿದ್ದರು. ಇಟಲಿಯವರೇ ಆದ ವಿಜ್ಞಾನಿ ಅವೊಗಾಡ್ರೊ ಹಿಂದೆಯೇ ಹೇಳಿದ್ದ ಒಂದು ಮಾತನ್ನು ಹಿಡಿದು, ಪಾಠಗಳ ಸಾಲಿನಲ್ಲಿ ಇಡೀ ಗೊಂದಲವನ್ನು ಬಿಡಿಸಿಟ್ಟಿದ್ದರು. ಸಮ್ಮೇಳನ ಮುಗಿಯುವಾಗ ಅವರ ಗೆಳೆಯ ಪವೇಸಿ ಆ ಹೊತ್ತಗೆಯ ಪ್ರತಿಗಳನ್ನು ಬಂದವರಿಗೆಲ್ಲ ಹಂಚಿದರು. ಮೆಂಡಲೀವ್ ಆ ಹೊಸ ತೂಕಗಳನ್ನು ತಲೆಯಲ್ಲಿಟ್ಟುಕೊಂಡು ಮರಳಿದರು. ಇದಿಲ್ಲದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ಇದೂ ಒಬ್ಬ ಮೇಷ್ಟ್ರ ಪಾಠದ ಟಿಪ್ಪಣಿಯೇ, ಅಲ್ವಾ?

1861ರ ಫೆಬ್ರುವರಿಯಲ್ಲಿ ಪೀಟರ್ಸ್‌ಬರ್ಗ್‌ಗೆ ವಾಪಸ್ ಬಂದಾಗ ಅವರ ಕೈಯಲ್ಲಿ ಕೆಲಸವಿರಲಿಲ್ಲ. ತಲೆ ಮೇಲೆ ಸಾಲ. ಏನು ಮಾಡುವುದು? ಪಠ್ಯಪುಸ್ತಕ ಬರೆದರು. ಕೆಲವೇ ತಿಂಗಳಲ್ಲಿ ಸಾವಯವ ರಸಾಯನಶಾಸ್ತ್ರದ ಒಂದು ದಪ್ಪ ಪುಸ್ತಕ ಬರೆದು ಮುಗಿಸಿದರು. ಹಸಿವಿನ ಅವಸರದಲ್ಲಿ ಬರೆದ ಪುಸ್ತಕ ಎಂದು ಅದನ್ನು ತಳ್ಳಿಹಾಕುವ ಹಾಗಿಲ್ಲ. ವಿಜ್ಞಾನ ಅಕಾಡೆಮಿ ಅದಕ್ಕೆ ದೆಮಿದೊವ್ ಪ್ರಶಸ್ತಿ ಕೊಟ್ಟಿತು. ಹೊಸ ಪರಮಾಣು ತೂಕಗಳನ್ನು ಇಟ್ಟುಕೊಂಡು ರಷ್ಯನ್ ಭಾಷೆಯಲ್ಲಿ ಬಂದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಪುಸ್ತಕ ಬರೆದು ಬದುಕಬಹುದು ಎಂಬ ಧೈರ್ಯವೂ ಅವರಿಗೆ ಅಲ್ಲೇ ಬಂದಿರಬೇಕು.

ಮುಂದಿನ ಕೆಲವು ವರ್ಷ ಬೇಗ ದಾಟೋಣ. 1862ರಲ್ಲಿ ಮದುವೆ. 1864ರಲ್ಲಿ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಹುದ್ದೆ. 1865ರಲ್ಲಿ ಡಾಕ್ಟರೇಟ್. ಪ್ರಬಂಧದ ವಿಷಯ ಆಲ್ಕೋಹಾಲ್ ಮತ್ತು ನೀರು ಬೆರೆಯುವ ಬಗೆ. ಇದನ್ನೇ ಹಿಡಿದು, ಶೇಕಡಾ 40ರ ವೋಡ್ಕಾ ಮೆಂಡಲೀವ್ ಕಂಡುಹಿಡಿದದ್ದು ಎಂದು ಈಗಲೂ ಜನ ಹೇಳುತ್ತಾರೆ. ಸುಮ್ನೆ ಹಬ್ಬಿದ ಕಥೆ. ಅವರು ಅಳೆದದ್ದು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದಾಗ ಸಾಂದ್ರತೆ ಹೇಗೆ ಬದಲಾಗುತ್ತದೆ ಎಂಬುದನ್ನು. 40ರ ಲೆಕ್ಕ ರಷ್ಯಾದ ಅಬಕಾರಿಯವರದ್ದು, ಇವರಿಗಿಂತ ಹಳೆಯದು.

1867ರಲ್ಲಿ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ನಮ್ಮ ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ. ಅವರ ತರಗತಿಗೆ ಬರುತ್ತಿದ್ದವರಲ್ಲಿ ಎಲ್ಲರೂ ರಸಾಯನಶಾಸ್ತ್ರಜ್ಞರಾಗುವವರಲ್ಲ. ಅವರಿಗೆ ಕೊಡಲು ರಷ್ಯನ್ ಭಾಷೆಯಲ್ಲಿ ಒಳ್ಳೆಯ, ಹೊಸ ಪುಸ್ತಕ ಇರಲಿಲ್ಲ. ಇದ್ದವು ಹಳೆಯವು, ಇಲ್ಲವೇ ಅನುವಾದಗಳು. ಸರಿ, ನಾನೇ ಬರೆಯುತ್ತೇನೆ ಎಂದು ಕೂತರು. ಅದೇ 'ರಸಾಯನಶಾಸ್ತ್ರದ ಮೂಲತತ್ವಗಳು'. ರಷ್ಯನ್‌ನಲ್ಲಿ 'ಅಸ್ನೊವಿ ಖಿಮಿಯಿ'. 1868ರಿಂದ 1871ರವರೆಗೆ ಕಂತು ಕಂತಾಗಿ ಅಚ್ಚಾಯಿತು.

ಈ ಪುಸ್ತಕದ ಜೋಡಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಧಾತುಗಳ ಪಟ್ಟಿಯಿಂದ ಪುಸ್ತಕ ಶುರುವಾಗುವುದಿಲ್ಲ. ಪರಮಾಣುವಿನ ಬಗ್ಗೆ ಸಿದ್ಧಾಂತದಿಂದಲೂ ಇಲ್ಲ. ಎಲ್ಲರೂ ಕಂಡ, ಮುಟ್ಟಿದ ವಸ್ತುಗಳಿಂದ ಶುರು. ಮೊದಲು ನೀರು. ನೀರನ್ನು ಬಿಡಿಸಿದರೆ ಜಲಜನಕ, ಆಮ್ಲಜನಕ. ಆಮೇಲೆ ಗಾಳಿ. ಗಾಳಿಯಿಂದ ಸಾರಜನಕ. ಆಮೇಲೆ ಇದ್ದಿಲು, ಇಂಗಾಲ. ಆಮೇಲೆ ಅಡಿಗೆಯ ಉಪ್ಪು. ಉಪ್ಪಿನಿಂದ ಕ್ಲೋರಿನ್. ಕ್ಲೋರಿನ್ ಬಂದ ಮೇಲೆ ಅದರ ಬಂಧುಗಳಾದ ಫ್ಲೂರಿನ್, ಬ್ರೋಮಿನ್, ಅಯೋಡಿನ್. ಇವನ್ನು ಒಟ್ಟಾಗಿ ಹ್ಯಾಲೋಜನ್‌ಗಳು ಎನ್ನುತ್ತೇವೆ. ಗೊತ್ತಿದ್ದುದರ ಕೈ ಹಿಡಿದು ಗೊತ್ತಿಲ್ಲದ್ದಕ್ಕೆ ಹೋಗುವ ದಾರಿ. ತರಗತಿಯಲ್ಲಿ ನಿಂತು ಪಾಠ ಮಾಡಿದವರಿಗೇ ಹೊಳೆಯುವ ದಾರಿ ಇದು.

ಆದರೆ ಇದರಲ್ಲೊಂದು ಎಡವಟ್ಟಿತ್ತು. ಮೊದಲ ಸಂಪುಟ ಮುಗಿದಾಗ ಲೆಕ್ಕ ಹಾಕಿದರೆ, ಆಗ ಗೊತ್ತಿದ್ದ 63 ಧಾತುಗಳಲ್ಲಿ ವಿವರವಾಗಿ ಮುಗಿದಿದ್ದದ್ದು ಎಂಟೇ ಎಂಟು. ಉಳಿದ 55 ಎರಡನೆಯ ಸಂಪುಟದಲ್ಲಿ ಹಿಡಿಸಬೇಕು! ಮೇಷ್ಟ್ರುಗಳಿಗೆ ಈ ಸಂಕಟ ಚೆನ್ನಾಗಿ ಗೊತ್ತು. ವರ್ಷ ಮುಕ್ಕಾಲು ಮುಗಿದಿದೆ, ಪಾಠ ಕಾಲು ಭಾಗವೂ ಆಗಿಲ್ಲ.

ಒಂದೊಂದು ಧಾತುವಿಗೆ ಒಂದೊಂದು ಅಧ್ಯಾಯ ಎಂದು ಹೋದರೆ ಪುಸ್ತಕ ಮುಗಿಯುವುದಿಲ್ಲ. ಗುಂಪು ಮಾಡಲೇಬೇಕು. ಆದರೆ ಯಾವ ಆಧಾರದ ಮೇಲೆ? ಲೋಹ, ಅಲೋಹ ಎಂದು ಎರಡು ಗುಂಪು ಮಾಡಿದರೆ ಉಪಯೋಗವಿಲ್ಲ, ಎರಡೂ ವಿಪರೀತ ದೊಡ್ಡವು. ಸಂಯೋಜಕ ಶಕ್ತಿ, ಅಂದರೆ ವೇಲೆನ್ಸಿ, ಹಿಡಿದು ಹೋಗಬಹುದು. ಒಂದು ಧಾತುವಿನ ಪರಮಾಣು ಬೇರೆ ಎಷ್ಟು ಪರಮಾಣುಗಳ ಜೊತೆ ಸೇರಬಲ್ಲದು ಎಂಬ ಲೆಕ್ಕ ಅದು. ಹ್ಯಾಲೋಜನ್‌ಗಳ ವೇಲೆನ್ಸಿ ಒಂದು. ಸೋಡಿಯಂ, ಪೊಟ್ಯಾಸಿಯಂಗಳದ್ದೂ ಒಂದು. ಅಲ್ಲದೆ ಉಪ್ಪಿನಲ್ಲಿ ಕ್ಲೋರಿನ್ ಜೊತೆ ಇದ್ದದ್ದು ಸೋಡಿಯಂ ತಾನೇ. ಹಾಗಾಗಿ ಎರಡನೆಯ ಸಂಪುಟವನ್ನು ಸೋಡಿಯಂ, ಪೊಟ್ಯಾಸಿಯಂ ಮುಂತಾದ ಕ್ಷಾರ ಲೋಹಗಳಿಂದ ಶುರುಮಾಡಿದರು. ಇಲ್ಲಿಯವರೆಗೆ ಸರಿ. ಅದಾದ ಮೇಲೆ ಯಾವುದು? ಕ್ಯಾಲ್ಸಿಯಂ ಗುಂಪೋ, ತಾಮ್ರ ಬೆಳ್ಳಿಗಳ ಗುಂಪೋ? ಇಲ್ಲಿ ಗಾಡಿ ನಿಂತಿತು. ತಾಮ್ರ ಕೆಲವು ಸಂಯುಕ್ತಗಳಲ್ಲಿ ಒಂದು ವೇಲೆನ್ಸಿ ತೋರಿಸುತ್ತದೆ, ಕೆಲವದರಲ್ಲಿ ಎರಡು. ಅದನ್ನು ಎಲ್ಲಿ ಕೂರಿಸುವುದು?

ಇದಕ್ಕೆ ಉತ್ತರ ಹುಡುಕುವಾಗ ಅವರು ತೂಕಗಳನ್ನು ನೋಡಿದರು. ಮುಗಿದಿದ್ದ ಹ್ಯಾಲೋಜನ್ ಗುಂಪನ್ನೂ ಕೈಯಲ್ಲಿದ್ದ ಕ್ಷಾರ ಲೋಹಗಳನ್ನೂ ಎದುರುಬದುರು ಇಟ್ಟರು. ಫ್ಲೂರಿನ್ 19, ಸೋಡಿಯಂ 23. ಕ್ಲೋರಿನ್ 35.5, ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಎಲ್ಲ ಕಡೆಯೂ ಒಂದು ಹ್ಯಾಲೋಜನ್ ಆದ ಮೇಲೆ, ಸ್ವಲ್ಪವೇ ಮುಂದೆ, ಒಂದು ಕ್ಷಾರ ಲೋಹ. ಗುಣದಲ್ಲಿ ಇವೆರಡೂ ಎಣ್ಣೆ ಸೀಗೇಕಾಯಿ. ತೂಕದಲ್ಲಿ ಮಾತ್ರ ಅಕ್ಕಪಕ್ಕದ ಮನೆ. ಮುಂದಿನ ಸಾಲು ಇಟ್ಟು ನೋಡಿದರೆ ಮೆಗ್ನೀಸಿಯಂ 24, ಕ್ಯಾಲ್ಸಿಯಂ 40, ಸ್ಟ್ರಾಂಷಿಯಂ 87.6, ಬೇರಿಯಂ 137. ಮತ್ತೆ ಅದೇ ಕ್ರಮ! ತೂಕದ ಕ್ರಮದಲ್ಲಿ ಜೋಡಿಸಿದರೆ ಗುಣಗಳು ಮತ್ತೆ ಮತ್ತೆ ಮರಳಿ ಬರುತ್ತವೆ. ಆವರ್ತ ನಿಯಮ ಎನ್ನುವುದು ಇದನ್ನೇ.

ಹೋಲುವ ಧಾತುಗಳನ್ನು ಗುಂಪು ಮಾಡುವುದು ಹಳೆಯ ಕೆಲಸ. ಎಷ್ಟೋ ಜನ ಮಾಡಿದ್ದರು. ಒಂದಕ್ಕೊಂದು ಹೋಲದ ಗುಂಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ಇವರ ಹೆಚ್ಚುಗಾರಿಕೆ. ಪಠ್ಯಪುಸ್ತಕ ಬರೆಯುವವನಿಗೆ ಇದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಂಶೋಧಕ ತನಗೆ ಬೇಕಾದ ಒಂದು ಧಾತು ಹಿಡಿದು ಜೀವನ ಕಳೆಯಬಹುದು. ಪುಸ್ತಕ ಬರೆಯುವವನು 63ಕ್ಕೂ ಜಾಗ ಕೊಡಬೇಕು. ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಯಾಕೆ ಬಂದೆ ಎಂದು ಓದುವ ಹುಡುಗನಿಗೆ ಹೇಳಬೇಕು. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಈ ಒತ್ತಾಯ ಎಂಬುದು ನನ್ನ ನಂಬಿಕೆ.

ಇದು ನಡೆದದ್ದು 1869ರಲ್ಲಿ. ಆಗಿನ ರಷ್ಯಾದ ಪಂಚಾಂಗದ ಪ್ರಕಾರ ಫೆಬ್ರುವರಿ 17, ನಮ್ಮ ಲೆಕ್ಕದಲ್ಲಿ ಮಾರ್ಚ್ 1. ಆ ದಿನಗಳಲ್ಲಿ ಅವರು ಚೀಸ್ ತಯಾರಿಕೆಯ ಸಹಕಾರ ಸಂಘಗಳನ್ನು ನೋಡಲು ಹೊರಡಬೇಕಿತ್ತು. ಮುಕ್ತ ಆರ್ಥಿಕ ಸಂಘದ ಕಡೆಯ ಕೆಲಸ. ಆ ವಿಷಯವಾಗಿ ಬಂದಿದ್ದ ಪತ್ರದ ಹಿಂಬದಿಯಲ್ಲೇ ಅವರು ಧಾತುಗಳ ಸಾಲುಗಳನ್ನು ಗೀಚಿದ್ದಾರೆ. ಆ ಪತ್ರ ಇವತ್ತಿಗೂ ಉಳಿದಿದೆ. ಕೋಷ್ಟಕವನ್ನು ಒಂದೇ ಹಾಳೆಯಾಗಿ ಅಚ್ಚು ಹಾಕಿಸಿ ರಷ್ಯಾದ ಮತ್ತು ಹೊರದೇಶಗಳ ರಸಾಯನಶಾಸ್ತ್ರಜ್ಞರಿಗೆ ಕಳಿಸಿದರು. ಮಾರ್ಚ್‌ನಲ್ಲಿ ರಷ್ಯನ್ ರಸಾಯನಶಾಸ್ತ್ರ ಸಂಘದ ಸಭೆಯಲ್ಲಿ ಇದನ್ನು ಮಂಡಿಸಬೇಕಾದಾಗ ಅವರು ಅಲ್ಲಿರಲಿಲ್ಲ. ಅವರ ಪರವಾಗಿ ಓದಿದವರು ನಿಕೊಲಾಯ್ ಮೆನ್ಶುಟ್ಕಿನ್. ಈ ಮೆನ್ಶುಟ್ಕಿನ್ ಕೂಡ ಮುಂದೆ ವಿಶ್ಲೇಷಣಾ ರಸಾಯನಶಾಸ್ತ್ರಕ್ಕೆ ಒಂದು ಹೆಸರಾಂತ ಪಠ್ಯಪುಸ್ತಕ ಬರೆದರು.

ಕನಸಿನ ಕಥೆ ನೀವೆಲ್ಲ ಕೇಳಿರುತ್ತೀರಿ. ಮೆಂಡಲೀವ್ ನಿದ್ದೆ ಹೋದರು, ಕನಸಿನಲ್ಲಿ ಇಡೀ ಕೋಷ್ಟಕ ಕಂಡಿತು, ಎದ್ದು ಬರೆದಿಟ್ಟರು. ಈ ಕಥೆ ಅವರ ಬರಹದಲ್ಲಿ ಎಲ್ಲೂ ಇಲ್ಲ, ಬೇರೆಯವರ ಬಾಯಿಂದ ಬಂದದ್ದು. ಧಾತುಗಳ ಹೆಸರು ಬರೆದ ಚೀಟಿಗಳನ್ನು ಇಸ್ಪೀಟಿನಂತೆ ಜೋಡಿಸಿದರು ಎಂಬ ಕಥೆಯೂ ಇದೆ. ಆ ಚೀಟಿಗಳಲ್ಲಿ ಒಂದೂ ಸಿಕ್ಕಿಲ್ಲ. ಉಳಿದಿರುವುದು ಹೊಡೆದುಹಾಕಿದ, ತಿದ್ದಿದ, ಮತ್ತೆ ಬರೆದ ಹಾಳೆಗಳು. ಹಾಗೆ ನೋಡಿದರೆ ಅವು ಕನಸಿಗಿಂತ ಸ್ವಾರಸ್ಯವಾಗಿವೆ. ಯಾವ ಧಾತು ಅವರಿಗೆ ಎಲ್ಲಿ ಕಾಟ ಕೊಟ್ಟಿತು ಎಂದು ಅದರಲ್ಲಿ ನೋಡಬಹುದು.

ಅವರೊಬ್ಬರೇ ಅಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಜಾನ್ ನ್ಯೂಲ್ಯಾಂಡ್ಸ್ 1865ರಲ್ಲೇ ಎಂಟನೆಯ ಧಾತು ಮೊದಲನೆಯದನ್ನು ಹೋಲುತ್ತದೆ ಎಂದಿದ್ದರು. ಮರುವರ್ಷ ಅವರು ಅದನ್ನು ಸಭೆಯಲ್ಲಿ ಹೇಳಿದಾಗ, ಧಾತುಗಳನ್ನು ಅಕಾರಾದಿಯಾಗಿ ಜೋಡಿಸಿ ನೋಡಿದ್ದೀರಾ ಎಂದು ಒಬ್ಬರು ಕುಹಕವಾಡಿದರು. ಜರ್ಮನಿಯ ಲೋಥರ್ ಮೆಯರ್ ಅಂತೂ ಮೆಂಡಲೀವ್‌ಗೆ ತೀರ ಹತ್ತಿರ ಬಂದಿದ್ದರು. ಅವರೂ ಕಾರ್ಲ್ಸ್‌ರೂಹೆಗೆ ಹೋಗಿದ್ದವರು, ಅವರಿಗೂ ಕನಿಜಾರೊ ಹೊತ್ತಗೆ ಓದಿ ಕಣ್ಣು ತೆರೆದಿತ್ತು. ಅವರ ಮೊದಲ ಕೋಷ್ಟಕ ಬಂದದ್ದು 1864ರಲ್ಲಿ, ಎಲ್ಲಿ ಗೊತ್ತಾ? ಅದೂ ಒಂದು ಪಠ್ಯಪುಸ್ತಕದಲ್ಲಿ! ಅದರಲ್ಲಿ ಇದ್ದದ್ದು 28 ಧಾತುಗಳು. 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಡೇವಿ ಪದಕವನ್ನು ಮೆಂಡಲೀವ್ ಮತ್ತು ಮೆಯರ್ ಇಬ್ಬರಿಗೂ ಹಂಚಿತು.

ಹಾಗಾದರೆ ಮೆಂಡಲೀವ್ ಹೆಸರೇ ಯಾಕೆ ನಿಂತಿತು? ಅವರು ಖಾಲಿ ಜಾಗ ಬಿಟ್ಟರು. ಬಿಟ್ಟದ್ದಷ್ಟೇ ಅಲ್ಲ, ಅಲ್ಲಿ ಬರಬೇಕಾದ ಧಾತು ಹೇಗಿರುತ್ತದೆ ಎಂದು 1871ರಲ್ಲಿ ವಿವರವಾಗಿ ಬರೆದರು. ಅಲ್ಯೂಮಿನಿಯಂ ಕೆಳಗಿನದು ಏಕ-ಅಲ್ಯೂಮಿನಿಯಂ, ಸಿಲಿಕಾನ್ ಕೆಳಗಿನದು ಏಕ-ಸಿಲಿಕಾನ್, ಬೋರಾನ್ ಸಾಲಿನದು ಏಕ-ಬೋರಾನ್. ಹೌದು, ಸಂಸ್ಕೃತದ ಏಕವೇ.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಒಂದು ಹೊಸ ಧಾತು ಕಂಡುಹಿಡಿದು ಗ್ಯಾಲಿಯಂ ಎಂದು ಹೆಸರಿಟ್ಟರು. ಅದರ ಸಾಂದ್ರತೆ 4.7 ಎಂದು ಅಳೆದರು. ಪೀಟರ್ಸ್‌ಬರ್ಗ್‌ನಿಂದ ಮೆಂಡಲೀವ್ ತಕರಾರು ತೆಗೆದರು. ಇದು ನನ್ನ ಏಕ-ಅಲ್ಯೂಮಿನಿಯಂ, ಸಾಂದ್ರತೆ 5.9ರ ಆಸುಪಾಸು ಇರಬೇಕು, ಮತ್ತೆ ಅಳೆಯಿರಿ ಎಂದರು. ನೀವೇ ಯೋಚಿಸಿ. ಆ ಲೋಹ ಇದ್ದದ್ದು ಬ್ವಾಬೊದ್ರಾನ್ ಕೈಯಲ್ಲಿ. ಮೆಂಡಲೀವ್ ಅದನ್ನು ಕಣ್ಣಿಂದ ಸಹ ನೋಡಿರಲಿಲ್ಲ. ಬ್ವಾಬೊದ್ರಾನ್‌ಗೆ ಸಿಟ್ಟು ಬರುವುದು ಸಹಜ. ಆದರೂ ಲೋಹವನ್ನು ಇನ್ನಷ್ಟು ಶುದ್ಧ ಮಾಡಿ ಮತ್ತೆ ಅಳೆದರು. 5.9 ಬಂತು. 1879ರಲ್ಲಿ ಸ್ವೀಡನ್ನಿನ ನಿಲ್ಸನ್ ಸ್ಕ್ಯಾಂಡಿಯಂ ಕಂಡರು, ಅದು ಏಕ-ಬೋರಾನ್. 1886ರಲ್ಲಿ ಜರ್ಮನಿಯ ವಿಂಕ್ಲರ್‌ಗೆ ಜರ್ಮೇನಿಯಂ ಸಿಕ್ಕಿತು, ಅದು ಏಕ-ಸಿಲಿಕಾನ್. ಮೆಂಡಲೀವ್ ಹೇಳಿದ್ದ ತೂಕ 72, ವಿಂಕ್ಲರ್ ಅಳೆದದ್ದು 72.3. ಹೇಳಿದ್ದ ಸಾಂದ್ರತೆ 5.5, ಸಿಕ್ಕಿದ್ದು 5.47.

ಇದ್ದ ತೂಕಗಳನ್ನೂ ಅವರು ತಿದ್ದಿದರು. ಬೆರಿಲಿಯಂ ತೂಕ 14ರ ಹತ್ತಿರ ಎಂದು ಹಲವರು ಹೇಳುತ್ತಿದ್ದರು. ಅಲ್ಲಿ ಸಾರಜನಕ ಕೂತಿದೆ, ಜಾಗವಿಲ್ಲ. ಬೆರಿಲಿಯಂ 9 ಇರಬೇಕು ಎಂದರು. ಯುರೇನಿಯಂ 120 ಎಂದಿದ್ದದ್ದನ್ನು ಎರಡು ಪಟ್ಟು ಮಾಡಿ 240 ಎಂದರು. ಎರಡರಲ್ಲೂ ಅವರೇ ಸರಿ.

ಈಗ ಮತ್ತೆ ಪುಸ್ತಕಕ್ಕೆ ಬರೋಣ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ದೊಡ್ಡ ನಿಯಮ ಸಿಕ್ಕ ಮೇಲೆ ಪಠ್ಯಪುಸ್ತಕವನ್ನು ಮೂಲೆಗೆ ಹಾಕುತ್ತಿದ್ದರು. ಮೆಂಡಲೀವ್ ಸಾಯುವವರೆಗೆ ಅದನ್ನು ತಿದ್ದುತ್ತಲೇ ಇದ್ದರು. ಅವರ ಜೀವಿತದಲ್ಲೇ ಎಂಟು ಆವೃತ್ತಿ ಬಂದವು. ಕೊನೆಯದು 1906ರಲ್ಲಿ. 1891ರಲ್ಲಿ ಇಂಗ್ಲಿಷ್ ಅನುವಾದ ಬಂತು. ಜರ್ಮನ್, ಫ್ರೆಂಚ್ ಭಾಷೆಗಳಿಗೂ ಹೋಯಿತು.

ಆ ಇಂಗ್ಲಿಷ್ ಅನುವಾದವನ್ನು ಒಮ್ಮೆ ತೆರೆದು ನೋಡಿ. ಮೊದಲು ಕಣ್ಣಿಗೆ ಬೀಳುವುದು ಅಡಿಟಿಪ್ಪಣಿಗಳು. ಕೆಲವು ಪುಟಗಳಲ್ಲಿ ಮೇಲೆ ನಾಲ್ಕಾರು ಸಾಲು ಪಾಠ, ಕೆಳಗೆ ಉಳಿದ ಪುಟವೆಲ್ಲ ಚಿಕ್ಕ ಅಕ್ಷರದ ಟಿಪ್ಪಣಿ. ಇದು ಅಜಾಗರೂಕತೆ ಅಲ್ಲ, ಬೇಕೆಂದೇ ಮಾಡಿದ್ದು. ದೊಡ್ಡ ಅಕ್ಷರದ್ದು ಹೊಸದಾಗಿ ಕಲಿಯುವವರಿಗೆ. ಚಿಕ್ಕ ಅಕ್ಷರದ್ದು ಇನ್ನೂ ಬೇಕು ಎನ್ನುವವರಿಗೆ. ಒಂದೇ ಪುಸ್ತಕ, ಎರಡು ಮಟ್ಟದ ಓದು. ಹೊಸ ಆವೃತ್ತಿ ಬಂದಾಗಲೆಲ್ಲ ಟಿಪ್ಪಣಿಗಳು ಉಬ್ಬಿದವು. ಪೆಟ್ರೋಲಿಯಂ ಬಗ್ಗೆ, ಕಾರ್ಖಾನೆಗಳ ಬಗ್ಗೆ, ಕೃಷಿಯ ಬಗ್ಗೆ, ತಮಗೆ ಒಪ್ಪಿಗೆಯಾಗದ ಸಿದ್ಧಾಂತಗಳ ಬಗ್ಗೆ ಜಗಳ, ಎಲ್ಲ ಅಲ್ಲೇ. ಇವತ್ತಿನ ಯಾವ ಸಂಪಾದಕರೂ ಇದನ್ನು ಬಿಡುವುದಿಲ್ಲ. ನನಗಂತೂ ಆ ಪುಸ್ತಕದಲ್ಲಿ ಜಾಸ್ತಿ ಇಷ್ಟವಾಗುವುದು ಆ ಚಿಕ್ಕ ಅಕ್ಷರದ ಭಾಗವೇ. ಮೇಲೆ ಪಾಠ ಹೇಳುವ ಪ್ರಾಧ್ಯಾಪಕರು. ಕೆಳಗೆ ತರಗತಿ ಮುಗಿದ ಮೇಲೆ ಮೊಗಸಾಲೆಯಲ್ಲಿ ನಿಂತು ಹರಟುವ ಮನುಷ್ಯ.

ಇನ್ನೊಂದು ವಿಷಯ. ಆವರ್ತ ನಿಯಮವನ್ನು ಮೊದಲ ಅಧ್ಯಾಯಕ್ಕೆ ತರುವ ಆಸೆ ಯಾರಿಗಾದರೂ ಆಗುತ್ತದೆ. ಅವರು ಹಾಗೆ ಮಾಡಲಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಅದು ಬರುವುದು ಹದಿನೈದನೆಯ ಅಧ್ಯಾಯದಲ್ಲಿ. ಅಷ್ಟರೊಳಗೆ ಓದುಗ ನೀರು, ಗಾಳಿ, ಉಪ್ಪು, ಸೋಡಿಯಂ ಎಲ್ಲ ನೋಡಿ ಆಗಿರುತ್ತದೆ. ಕೋಷ್ಟಕ ಬಂದಾಗ ಅದು ಬಾಯಿಪಾಠದ ವಸ್ತು ಅನ್ನಿಸುವುದಿಲ್ಲ. ನಾವು ಇವತ್ತು ಎಷ್ಟೋ ಕಡೆ ಕೋಷ್ಟಕವನ್ನು ಮೊದಲು ಉರು ಹೊಡೆಸಿ, ವಸ್ತುಗಳನ್ನು ಆಮೇಲೆ ತೋರಿಸುತ್ತೇವೆ. ಕೆಲವು ಕಡೆ ತೋರಿಸುವುದೇ ಇಲ್ಲ. ಈ ವಿಷಯದಲ್ಲಿ ನಾನು ಮೆಂಡಲೀವ್ ಪಕ್ಷ.

ತರಗತಿಯಲ್ಲಿ ಅವರು ನಯವಾದ ಮಾತುಗಾರ ಆಗಿರಲಿಲ್ಲ. ಆದರೂ ಅವರ ಪಾಠಕ್ಕೆ ಬೇರೆ ವಿಭಾಗದ ಹುಡುಗರೂ ಬಂದು ತುಂಬಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿ ನಡೆಯುತ್ತಿದ್ದ ಉನ್ನತ ತರಗತಿಗಳಲ್ಲಿ ಮೆಂಡಲೀವ್ ಪಾಠ ಮಾಡಿದರು. 1890ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದಾಗ ಅವರ ಮನವಿ ಪತ್ರವನ್ನು ಶಿಕ್ಷಣ ಮಂತ್ರಿ ದೆಲ್ಯಾನೊವ್‌ಗೆ ತಲುಪಿಸಲು ಒಪ್ಪಿದ್ದು ಇವರೇ. ಮಂತ್ರಿ ಅದನ್ನು ಸ್ವೀಕರಿಸದೆ ವಾಪಸ್ ಕಳಿಸಿದರು. ಮೆಂಡಲೀವ್ ರಾಜೀನಾಮೆ ಕೊಟ್ಟು ಹೊರಬಂದರು. ವಿಶ್ವವಿದ್ಯಾಲಯದ ಅವರ ಮೇಷ್ಟ್ರುಗಿರಿ ಹೀಗೆ ಮುಗಿಯಿತು. ಅದಕ್ಕೆ ಹತ್ತು ವರ್ಷ ಮೊದಲು, 1880ರಲ್ಲಿ, ವಿಜ್ಞಾನ ಅಕಾಡೆಮಿಯ ಸ್ಥಾನಕ್ಕೆ ಅವರ ಹೆಸರು ಬಂದಾಗ ಪರವಾಗಿ 9, ವಿರುದ್ಧ 10 ಮತ ಬಿದ್ದಿದ್ದವು. ಒಂದೇ ಒಂದು ಮತ! ರಷ್ಯಾದ ಪತ್ರಿಕೆಗಳು ಅಕಾಡೆಮಿಯನ್ನು ಚೆನ್ನಾಗಿ ಝಾಡಿಸಿದವು.

ವಿಶ್ವವಿದ್ಯಾಲಯ ಬಿಟ್ಟ ಮೇಲೆ ತೂಕ ಮತ್ತು ಅಳತೆಗಳ ಕೇಂದ್ರ ಸಂಸ್ಥೆಯನ್ನು ಕಟ್ಟಿ ನಡೆಸಿದರು. 1899ರಲ್ಲಿ ರಷ್ಯಾದಲ್ಲಿ ಮೆಟ್ರಿಕ್ ಪದ್ಧತಿ ಬಳಸಲು ಕಾನೂನು ಅವಕಾಶ ಕೊಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು. ಅವರ ಬೇರೆ ಸಾಹಸಗಳ ಬಗ್ಗೆ ಇನ್ನೊಂದು ಉಪನ್ಯಾಸವೇ ಬೇಕು. 1887ರಲ್ಲಿ ಸೂರ್ಯಗ್ರಹಣ ನೋಡಲು ಬಲೂನ್ ಹತ್ತಿದ್ದರು. ಮಳೆಯಲ್ಲಿ ನೆನೆದು ಭಾರವಾದ ಬಲೂನ್ ಇಬ್ಬರನ್ನು ಎತ್ತಲಿಲ್ಲ. ಚಾಲಕನನ್ನು ಕೆಳಗಿಳಿಸಿ ತಾವೊಬ್ಬರೇ ಹಾರಿದರು. ಬಲೂನ್ ನಡೆಸಿ ಅಭ್ಯಾಸವಿರಲಿಲ್ಲ, ಆದರೂ ಸುರಕ್ಷಿತವಾಗಿ ಇಳಿದರು.

ಮಾತು ಮುಗಿದ ಮೇಲೆ ಸಭೆಯಿಂದ ಎರಡು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಮೊದಲನೆಯದು, ಅವರಿಗೆ ನೊಬೆಲ್ ಯಾಕೆ ಬರಲಿಲ್ಲ? ಬರುವ ಹಂತಕ್ಕೆ ಬಂದಿತ್ತು. 1906ರಲ್ಲಿ ರಸಾಯನಶಾಸ್ತ್ರದ ಸಮಿತಿ ಅವರ ಹೆಸರನ್ನೇ ಶಿಫಾರಸು ಮಾಡಿತ್ತು. ಸ್ವೀಡನ್ನಿನ ಅಕಾಡೆಮಿ ಅದನ್ನು ಬದಲಿಸಿ ಫ್ರಾನ್ಸಿನ ಆನ್ರಿ ಮೊಯಿಸಾನ್‌ಗೆ ಕೊಟ್ಟಿತು. ಆವರ್ತ ನಿಯಮ ತೀರ ಹಳೆಯದಾಯಿತು, ಎಲ್ಲರಿಗೂ ಗೊತ್ತಿರುವುದೇ ಎಂಬುದು ಒಂದು ವಾದ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಸ್ವಾಂಟೆ ಅರ್ಹೇನಿಯಸ್ ವಿರೋಧವೂ ಕೆಲಸ ಮಾಡಿತು ಎನ್ನುತ್ತಾರೆ. ಅರ್ಹೇನಿಯಸ್ ಅವರ ದ್ರಾವಣ ಸಿದ್ಧಾಂತವನ್ನು ಮೆಂಡಲೀವ್ ಎಂದೂ ಒಪ್ಪಿರಲಿಲ್ಲ. ಮುಂದಿನ ವರ್ಷಕ್ಕೆ ಕಾಯಲು ಆಗಲಿಲ್ಲ. 1907ರ ಫೆಬ್ರುವರಿ 2ರಂದು ಅವರು ತೀರಿಕೊಂಡರು. ಮೊಯಿಸಾನ್ ಕೂಡ ಅದೇ ತಿಂಗಳು ತೀರಿಕೊಂಡರು.

ಎರಡನೆಯದು ಒಬ್ಬ ವಿದ್ಯಾರ್ಥಿನಿಯದ್ದು. ಅವರು ಹೇಳಿದ್ದೆಲ್ಲ ಸರಿಯಾಗಿತ್ತಾ? ಒಳ್ಳೆಯ ಪ್ರಶ್ನೆ. ಎಷ್ಟೋ ತಪ್ಪಿತ್ತು. ಎಲೆಕ್ಟ್ರಾನ್ ಎಂಬುದನ್ನು ಅವರು ನಂಬಲು ಸಿದ್ಧರಿರಲಿಲ್ಲ. ಒಂದು ಧಾತು ಇನ್ನೊಂದಾಗುತ್ತದೆ ಎಂಬುದನ್ನು ಕೊನೆಯವರೆಗೂ ಒಪ್ಪಲಿಲ್ಲ. ಬೆಳಕು ಸಾಗಲು ಬೇಕು ಎಂದು ಆಗ ನಂಬಿದ್ದ ಈಥರ್ ಎಂಬ ಕಾಣದ ವಸ್ತುವನ್ನು ಜಲಜನಕಕ್ಕಿಂತ ಹಗುರವಾದ ಧಾತು ಎಂದು ಕೋಷ್ಟಕದಲ್ಲಿ ಕೂರಿಸಲು ನೋಡಿದರು. 1894ರಲ್ಲಿ ಆರ್ಗಾನ್ ಸಿಕ್ಕಾಗ ಅದಕ್ಕೆ ಕೋಷ್ಟಕದಲ್ಲಿ ಜಾಗವೇ ಇರಲಿಲ್ಲ. ಅದು ಹೊಸ ಧಾತುವಲ್ಲ, ಮೂರು ಪರಮಾಣು ಸೇರಿದ ಸಾರಜನಕ ಇರಬಹುದು ಎಂದು ವಾದಿಸಿದರು. ಅದರ ಹಿಂದೆಯೇ ಹೀಲಿಯಂ, ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಸಾಲುಗಟ್ಟಿ ಬಂದವು. ಆಗ ಒಪ್ಪಿ, ಪುಸ್ತಕದ ಮುಂದಿನ ಆವೃತ್ತಿಯಲ್ಲಿ ಅವಕ್ಕೊಂದು ಗುಂಪು ತೆರೆದರು.

ನನಗೆ ಇವೆಲ್ಲದರಲ್ಲಿ ಕುತೂಹಲದ್ದು ಟೆಲ್ಲುರಿಯಂ. ಅದರ ತೂಕ 128 ಎಂದು ಅಳೆದಿದ್ದರು. ಅಯೋಡಿನ್ 127. ತೂಕದ ಕ್ರಮದಲ್ಲಿ ಅಯೋಡಿನ್ ಮೊದಲು ಬರಬೇಕು. ಗುಣ ನೋಡಿದರೆ ಟೆಲ್ಲುರಿಯಂ ಮೊದಲು ಬರಬೇಕು. ಮೆಂಡಲೀವ್ ಗುಣವನ್ನು ನಂಬಿದರು. ಟೆಲ್ಲುರಿಯಂ ಮೊದಲು ಇಟ್ಟು, ಅದರ ತೂಕವನ್ನು ತಪ್ಪಾಗಿ ಅಳೆದಿದ್ದಾರೆ, 125 ಇರಬೇಕು ಎಂದರು. ಬೆರಿಲಿಯಂ ವಿಷಯದಲ್ಲಿ ಗೆದ್ದ ಅದೇ ಹಟ. ಈ ಸಲ ತಕ್ಕಡಿಯೇ ಸರಿಯಾಗಿತ್ತು. ಎಷ್ಟು ಸಲ ಅಳೆದರೂ ಟೆಲ್ಲುರಿಯಂ ತೂಕ ಅಯೋಡಿನ್‌ಗಿಂತ ಜಾಸ್ತಿಯೇ ಬಂತು. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಕ್ಷಕಿರಣಗಳಿಂದ ಧಾತುಗಳನ್ನು ಅಳೆಯತೊಡಗಿದರು. ಕೋಷ್ಟಕದ ಕ್ರಮ ನಿಂತಿರುವುದು ತೂಕದ ಮೇಲಲ್ಲ, ಪರಮಾಣುವಿನ ಬೀಜದಲ್ಲಿರುವ ವಿದ್ಯುದಂಶದ ಮೇಲೆ ಎಂಬುದು ಹಾಗೆ ಗೊತ್ತಾಯಿತು. ಆ ಲೆಕ್ಕದಲ್ಲಿ ಟೆಲ್ಲುರಿಯಂ 52, ಅಯೋಡಿನ್ 53. ಮೆಂಡಲೀವ್ ಕೊಟ್ಟ ಜಾಗ ಸರಿ, ಹೇಳಿದ ಕಾರಣ ತಪ್ಪು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಆರು ವರ್ಷವಾಗಿತ್ತು. ಇದ್ದಿದ್ದರೆ ಮೋಸ್ಲಿ ಜೊತೆ ಖಂಡಿತ ಜಗಳ ತೆಗೆಯುತ್ತಿದ್ದರು, ಒಂಬತ್ತನೆಯ ಆವೃತ್ತಿಯ ಅಡಿಟಿಪ್ಪಣಿಯಲ್ಲಿ.